ನಿಂಗಣ್ಣನ ರುಮಾಲು

ನಿಂಗಣ್ಣ ಒಬ್ಬನೇ ಬಂದ.

ಅವನನ್ನು ಮೊದಲು ಕಂಡವಳು ನಾನೇ. ೧೯೭೪ರ ಏಪ್ರಿಲ್ ತಿಂಗಳು, ಶನಿವಾರ. ಶಾಲೆಯ ಬೆಳಗಿನ ಪಾಳಿ ಮುಗಿಸಿ ಕುರ್ಲಾದ ನಮ್ಮ ಚಾಳಿಗೆ ಮರಳುತ್ತಿದ್ದೆ. ನಲ್ಲಿಯ ಕಟ್ಟೆಯ ಹತ್ತಿರ ಅವನು ಬಿಸಿಲಲ್ಲಿ ನಿಂತಿದ್ದ. ಬಲಗೈಯ ತೋರುಬೆರಳು ಸ್ವಲ್ಪ ಮುಂದಕ್ಕೆ ಚಾಚಿತ್ತು, ಮಗುವೊಂದು ಹಿಡಿದುಕೊಳ್ಳಲಿ ಎಂಬಂತೆ. ಬೆರಳು ಹಿಡಿದವರು ಯಾರೂ ಇರಲಿಲ್ಲ.

"ಭಾಗಿ ಎಲ್ಲಿ, ನಿಂಗಣ್ಣ?"

ಅವನು ಬೆರಳನ್ನು ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ.

"ಯಾವ ಭಾಗಿ?"

ಭಾಗಿ ಅವನ ಮೊಮ್ಮಗಳು. ಎರಡೂವರೆ ವರ್ಷ. ದಿನವೂ ಎಂಟೂವರೆಗೆ ಅಜ್ಜನ ಬೆರಳು ಹಿಡಿದು ಬಸ್ ಸ್ಟಾಪಿನ ಎದುರಿನ ಉಡುಪಿ ಹೋಟೆಲಿಗೆ ಹೋಗಿ, ಅರ್ಧ ಕಪ್ಪು ಹಾಲು ಕುಡಿದು, ಒಂಬತ್ತಕ್ಕೆ ಮನೆಗೆ ಬರುವುದು ಅವಳ ರೂಢಿ. ಈಗ ಹನ್ನೆರಡೂಕಾಲು.

ಒಂಬತ್ತೂವರೆಯಿಂದಲೇ ಬೀದಿ ಬೀದಿ ಹುಡುಕುತ್ತಿದ್ದ ನಿಂಗಣ್ಣನ ಹೆಂಡತಿ ಸುಂದ್ರವ್ವ ಗಂಡನನ್ನು ಕಂಡು ಓಡಿಬಂದಳು.

"ಕೂಸಿನ್ನ ಎಲ್ಲಿ ಬಿಟ್ರಿ? ಹೇಳ್ರಿ! ಕೂಸೆಲ್ಲಿ?"

"ಮಲಗೈತಿ."

"ಎಲ್ಲಿ ಮಲಗೈತಿ?"

"ಸಪ್ಪಳ ಮಾಡಬ್ಯಾಡ. ಸೇವಂತಿ ಏಳ್ತಾಳ."

ಸೇವಂತಿ ಅವನ ಮಗಳು, ಭಾಗಿಯ ತಾಯಿ. ಇಪ್ಪತ್ತು ವರ್ಷದವಳು, ನನ್ನ ಹಳೆಯ ವಿದ್ಯಾರ್ಥಿನಿ. ಆ ಹೊತ್ತಿಗೆ ಅವಳು ಘಾಟ್ಕೋಪರಿನ ಯಾವುದೋ ಕಟ್ಟಡದಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು.

ಸುಂದ್ರವ್ವ ನಲ್ಲಿಯ ಕಟ್ಟೆಗೆ ತಲೆ ಚಚ್ಚಿಕೊಳ್ಳತೊಡಗಿದಳು. "ನಾನೇ ಕಳಿಸಿದ್ನ್ಯವ್ವಾ! ಅಜ್ಜ ಕೂಸಿನ್ನ ಕರಕೊಂಡು ಹೋಗ್ತಾನ ಅಂತ ಎಲ್ಲಾರೂ ತಿಳಕೊಂಡಿದ್ರಿ. ಕೂಸೇ ಅಜ್ಜನ್ನ ಮನಿಗಿ ಕರಕೊಂಡು ಬರ್ತಿತ್ತು! ಅದಕ್ಕ ದಾರಿ ಗೊತ್ತಿತ್ತು!"

ಚಾಳಿನವರಿಗೆ ಇದು ಹೊಸ ಸುದ್ದಿ. ನನಗೆ ಅಷ್ಟು ಹೊಸದಲ್ಲ.

ನಿಂಗಣ್ಣ ಗೌಂಡಿ ಕೆಲಸದವನು. ಗೋಡೆ ಕಟ್ಟುವುದರಲ್ಲಿ ಅವನ ಕೈ ಓಡಿದಂತೆ ಯಾರ ಕೈಯೂ ಓಡುತ್ತಿರಲಿಲ್ಲ. ವಯಸ್ಸು ಐವತ್ತಮೂರು. ಎರಡು ವರ್ಷದ ಹಿಂದೆ ಹೆಸರುಗಳು ತಪ್ಪತೊಡಗಿದವು, ಆಮೇಲೆ ದಾರಿ, ಆಮೇಲೆ ದಿನಗಳು. ಸುಂದ್ರವ್ವ ಯಾರಿಗೂ ಹೇಳಲಿಲ್ಲ. ಎರಡು ತಿಂಗಳ ಹಿಂದೆ ನನ್ನ ಬಳಿ ಬಂದು ಅತ್ತಾಗ, ಇಬ್ಬರನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ತರುಣ ಡಾಕ್ಟರೊಬ್ಬರು ನಿಂಗಣ್ಣನ ರುಮಾಲನ್ನು ತಾವೇ ಮೆಲ್ಲನೆ ಬಿಚ್ಚಿ, ನೆತ್ತಿಯ ಮೇಲೆ ಬೆರಳಾಡಿಸಿದರು. ಅಲ್ಲಿ ನಡುನೆತ್ತಿಯಲ್ಲಿ ಒಂದು ಕುಳಿಯಿತ್ತು. ಅಡಿಕೆ ಕೂರುವಷ್ಟು.

"ಇದು ಯಾವಾಗಿನದು?"

"ಇಪ್ಪತ್ತು ವರ್ಷ ಆತ್ರಿ," ಎಂದಿದ್ದಳು ಸುಂದ್ರವ್ವ. "ನಿಚ್ಚಣಿಕಿ ಮ್ಯಾಲಿಂದ ಬಿದ್ದಿದ್ರಂತ. ಎರಡು ದಿನ ಎಚ್ಚರಿರಲಿಲ್ಲಂತ. ಅರಿಷಿಣ ತುಂಬಿ ಕಟ್ಟಿದ್ರು. ವಾರದಾಗ ಕೆಲಸಕ್ಕ ಹೋದ್ರು."

"ಬಿದ್ದವರಿಗೆ ಸಾಮಾನ್ಯವಾಗಿ ನಡುನೆತ್ತಿಗೆ ಪೆಟ್ಟಾಗುವುದಿಲ್ಲವಲ್ಲ," ಎಂದು ಡಾಕ್ಟರು ತಮ್ಮಷ್ಟಕ್ಕೇ ಗೊಣಗಿದರು. ಆಮೇಲೆ ನನಗೆ ಬಿಡಿಸಿ ಹೇಳಿದರು: "ಮುಷ್ಟಿಯುದ್ಧದವರ ತಲೆಗೆ ಪೆಟ್ಟು ಬಿದ್ದು ಬಿದ್ದು, ವರ್ಷಗಳು ಕಳೆದ ಮೇಲೆ ಹೀಗೇ ನೆನಪು ಕುಸಿಯುತ್ತದೆ. ಒಂದೇ ಪೆಟ್ಟಿನಿಂದ ಹೀಗಾಯಿತು ಎಂದು ನಾನು ಆಣೆ ಮಾಡಲಾರೆ. ಆದರೆ ಎಚ್ಚರ ತಪ್ಪಿಸುವಂಥ ದೊಡ್ಡ ಪೆಟ್ಟು ಬಿದ್ದವರಿಗೆ ಈ ಅಪಾಯ ಹೆಚ್ಚು ಎಂದು ನನ್ನ ಅನುಮಾನ. ಗಾಯ ಮಾಯುತ್ತದೆ, ಟೀಚರ್. ಒಳಗಿನದು ಮಾಯುತ್ತದೆಂದು ಹೇಳಲಾಗದು."

ಮದ್ದಿಲ್ಲ ಎಂದಿದ್ದರು. ಮನೆಗೆ ಬಂದು ನಾನು ಒಂದು ಚೀಟಿಯಲ್ಲಿ ನಮ್ಮ ಚಾಳಿನ ವಿಳಾಸವನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಬರೆದುಕೊಟ್ಟೆ. ಸುಂದ್ರವ್ವ ಅದನ್ನು ಅವನ ಅಂಗಿಯ ಒಳಜೇಬಿಗೆ ಪಿನ್ನು ಹಾಕಿದಳು. ಇಷ್ಟೇ ನಾವು ಮಾಡಿದ್ದು.

ಒಂದು ಗಂಟೆಗೆ ಚಾಳಿನ ಗಂಡಸರು ಹೋಟೆಲಿಗೆ ನುಗ್ಗಿ, ಹಾಲು ಕೊಡುತ್ತಿದ್ದ ವೇಟರ್ ದೂಜನನ್ನು ಎಳೆದು ತಂದರು.

"ಕೂಸಿಗೆ ದಿನಾ ಎರಡು ಚಮಚೆ ಸಕ್ಕರಿ ಜಾಸ್ತಿ ಹಾಕತಿದ್ದೆಲ್ಲ, ಯಾಕ? ನಿನಗೇನಾಗಬೇಕು ಅದು?"

"ಅಯ್ಯೋ, ನಾನು ಎಂತ ಮಾಡಿದ್ದು ಮಾರಾಯ್ರೆ?" ದೂಜನ ತುಟಿಯಿಂದ ರಕ್ತ ಇಳಿಯುತ್ತಿತ್ತು. "ಊರಲ್ಲಿ ನನಗೂ ಅಷ್ಟೇ ದೊಡ್ಡದು ಒಂದು ಉಂಟು. ನೋಡದೆ ವರ್ಷ ಆಯ್ತು. ಅದಕ್ಕೆ ಹಾಕಿದ್ದು!"

ಪೊಲೀಸರು ಬಾರದಿದ್ದರೆ ಅವನನ್ನು ಕೊಂದೇಬಿಡುತ್ತಿದ್ದರು. ಆದರೆ ಸಬ್ ಇನ್ಸ್‌ಪೆಕ್ಟರು ದೂಜನನ್ನು ಬಿಟ್ಟು ನಿಂಗಣ್ಣನನ್ನು ಹಿಡಿದರು. ಅವನ ಎರಡೂ ಅಂಗೈಗಳಲ್ಲಿ ಕೆಂಪು ಕಲೆಗಳಿದ್ದವು. ಅವನ ತಲೆ ಬರಿದಾಗಿತ್ತು.

ಅವನು ಬರಿದಾದ ತಲೆಯಲ್ಲಿ ಹೊರಗೆ ಬಂದದ್ದನ್ನು ಚಾಳಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

---

ಚೌಕಿಯಲ್ಲಿ ಫ್ಯಾನಿರಲಿಲ್ಲ. ನಿಂಗಣ್ಣನನ್ನು ನೆಲಕ್ಕೆ ಕೂರಿಸಿದ್ದರು. ಕೆಲಸದಿಂದ ಹಾಗೇ ಓಡಿಬಂದ ಸೇವಂತಿಯ ಸೀರೆಯ ಮೇಲೆ ಸಿಮೆಂಟು ಒಣಗಿತ್ತು. ಅವಳು ಅಳಲಿಲ್ಲ. ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೇ ಮಾತು ಕೇಳುತ್ತಿದ್ದಳು.

"ಅಪ್ಪಾ, ಭಾಗಿ ಎಲ್ಲಿ? ಅಪ್ಪಾ, ನನ್ನ ನೋಡು. ಭಾಗಿ ಎಲ್ಲಿ?"

ಸಬ್ ಇನ್ಸ್‌ಪೆಕ್ಟರು ಮರಾಠಿಗರು, ಕೆಟ್ಟವರಲ್ಲ. ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿ ತಾವು ನಿಂತೇ ಇದ್ದರು. ಆದರೆ ಅವರ ಪ್ರಶ್ನೆಗೆ ಕರುಣೆಯಿರಲಿಲ್ಲ.

"ಫೇಟಾ ಕುಠೆ ಆಹೆ? ರುಮಾಲೆಲ್ಲಿ?"

ಸುಂದ್ರವ್ವ ಹೇಳಿದಳು, "ಮುಂಜಾನೆ ಕಟ್ಟಿಕೊಂಡೇ ಹೋಗಿದ್ರು."

"ನಾನೇ ಕಟ್ಟೀನಿ," ಎಂದ ಬಾಗಿಲಲ್ಲಿ ನಿಂತಿದ್ದ ಶೆಟ್ಟೆಪ್ಪ.

ಶೆಟ್ಟೆಪ್ಪ ಅವರ ಪಕ್ಕದ ಖೋಲಿಯವನು. ನಿಂಗಣ್ಣನ ಊರಿನವನೇ, ಅವನೂ ಗೌಂಡಿ. ಕೈ ನಡುಗಿ ನಿಂಗಣ್ಣನಿಗೆ ರುಮಾಲು ಸುತ್ತಲು ಬಾರದಾದ ದಿನದಿಂದ, ಕೆಲಸಕ್ಕೆ ಹೋಗುವ ಮುನ್ನ ಶೆಟ್ಟೆಪ್ಪನೇ ಬಂದು ಸುತ್ತುತ್ತಿದ್ದ. ನೆತ್ತಿಯ ಕುಳಿಯ ಮೇಲೆ ಹತ್ತಿಯ ಒಂದು ಮೆತ್ತೆ ಇಟ್ಟು, ಗಂಟು ಒತ್ತದ ಹಾಗೆ ಸುತ್ತುತ್ತಿದ್ದ. ಇಂಥ ಗೆಳೆಯ ಎಲ್ಲರಿಗೂ ಇರಲಿ ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು. ಹಿಂದಿನ ವಾರ ನಾನು ಗ್ಯಾಲರಿಯಿಂದ ಕೆಳಗೆ ಕೂತಿದ್ದ ನಿಂಗಣ್ಣನಿಗೆಂದು ಬಿಸ್ಕತ್ತಿನ ಪೊಟ್ಟಣ ಎಸೆದಾಗ, ಶೆಟ್ಟೆಪ್ಪ ಎಲ್ಲಿಂದಲೋ ಹಾರಿಬಂದು ನಡುವೆಯೇ ಹಿಡಿದಿದ್ದ. "ಒಗೀಬ್ಯಾಡ್ರಿ ಟೀಚರ್, ಕೈಯಾಗ ಕೊಡ್ರಿ," ಎಂದು ಸಿಡುಕಿದ್ದ. ತಿನ್ನುವ ವಸ್ತುವನ್ನು ಎಸೆದದ್ದು ನನ್ನದೇ ತಪ್ಪು ಎಂದು ನಾನು ನಾಚಿದ್ದೆ.

"ಆರು ಗಜದ ಬಟ್ಟೆ," ಎಂದರು ಇನ್ಸ್‌ಪೆಕ್ಟರು. "ಮಗುವಿನ ಕತ್ತಿಗೆ ಅರ್ಧ ಗಜ ಸಾಕು. ಎಲ್ಲಿ ಎಸೆದೆ? ಮಗುವನ್ನು ಏನು ಮಾಡಿದೆ?"

ನಿಂಗಣ್ಣ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಕಣ್ಣಲ್ಲಿ ನೀರು ತುಂಬಿತು.

"ನೀವೆಲ್ಲಾ ಹೇಳತೀರಿ ಅಂದ್ರ... ನಾನೇ ಏನರ ಮಾಡಿರಬೇಕ್ರಿ. ನನಗ ನೆನಪಿಲ್ಲ. ಮಾಡಿದ್ರ ನನ್ನ ಗಲ್ಲಿಗೆ ಹಾಕ್ರಿ."

ಬರಹಗಾರ ಪೇದೆ ಅದನ್ನು ಬರೆದುಕೊಂಡ. ಸೇವಂತಿ ಆಗ ಚೀರಿದಳು. ಆ ಚೀತ್ಕಾರವನ್ನು ನಾನು ಇಂದಿಗೂ ಮರೆತಿಲ್ಲ.

ಗಡಿಯಾರ ಮೂರು ಹೊಡೆಯುತ್ತಿದ್ದಾಗ ಧರ್ಮಣ್ಣನವರು ಬಂದರು.

ನಾನೇ ಹೇಳಿ ಕಳಿಸಿದ್ದೆ. ಧರ್ಮಣ್ಣ ನಮ್ಮ ಚಾಳಿನ ಮೇಲಿನ ಮಹಡಿಯವರು. ರೈಲಿನಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಇಡುವ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತರು. ಕೊಡೆ, ಡಬ್ಬಿ, ಹಲ್ಲಿನ ಸೆಟ್ಟು, ಒಮ್ಮೆ ಒಬ್ಬಳ ಗಂಡ... ಇಂಥವನ್ನೆಲ್ಲ ಅವರು ಹುಡುಕಿಕೊಟ್ಟಿದ್ದರು. ಇನ್ಸ್‌ಪೆಕ್ಟರಿಗೂ ಒಮ್ಮೆ ಕೊಡೆ ಹುಡುಕಿಕೊಟ್ಟಿದ್ದರಿಂದ ಯಾರೂ ತಡೆಯಲಿಲ್ಲ.

ಅವರು ಮೊದಲು ಮಡಕೆಯಿಂದ ನೀರು ತಂದು ನಿಂಗಣ್ಣನಿಗೆ ಕುಡಿಸಿದರು. ಅವನ ಅಂಗೈ ಹಿಡಿದು ಮೂಸಿದರು. ಉಗುರಿನಿಂದ ಕೆಂಪನ್ನು ಕೆರೆದರು.

"ಸಾಹೇಬ್ರ, ಇದು ರಕ್ತ ಅಲ್ರಿ. ತುಕ್ಕು. ಹಳೇ ಕಬ್ಬಿಣದ ತುಕ್ಕು."

ಆಮೇಲೆ, ಸಾಕ್ಷಿಗೆಂದು ಕರೆತಂದು ಮೂಲೆಯಲ್ಲಿ ಕೂರಿಸಿದ್ದ ದೂಜನ ಕಡೆ ತಿರುಗಿದರು. "ತಮ್ಮಾ, ಇವತ್ತು ಹೋಟೆಲಿನ ಎದುರಿಗೆ ಹೊಸದೇನರ ಇತ್ತೇನು?"

"ಹೊಸದು ಎಂತದ್ದೂ ಇಲ್ಲ. ಇಟ್ಟಿಗೆ ಲಾರಿ ಒಂದು ಬಂದಿತ್ತು. ಕೂಲಿಯವರು ಒಬ್ಬರ ಕೈಯಿಂದ ಒಬ್ಬರ ಕೈಗೆ ಎಸೀತಾ ಇದ್ರು. ಅಜ್ಜ ಹಾಲು ಬಿಟ್ಟು ಅದನ್ನೇ ನೋಡ್ತಾ ಕೂತ್ರು. ಮತ್ತೆ 'ಮೂರನೇ ಮಾಳಿಗಿ ಆತೇನು' ಅಂತ ನನ್ನ ಹತ್ರ ಕೇಳಿದ್ರು. ಎಂತ ಮಾಳಿಗೆಯೋ! ಮಗುವನ್ನು ಎತ್ತಿಕೊಂಡು ಬಸ್ಸಿಗೆ ಹತ್ತಿದ್ದು ಕಂಡೆ. ಅಜ್ಜಿ ಹುಡುಕಿಕೊಂಡು ಬಂದಾಗ ನಾನು ಒಳಗಿದ್ದೆ, ಮತ್ತೆ ಬಂದವರು ಹೊಡೆದ್ರು, ಕೇಳ್ಲಿಲ್ಲ. ಯಾವ ಬಸ್ಸು ಅಂತ ನೋಡ್ಲಿಲ್ಲ. ನೋಡ್ಬೇಕಿತ್ತು ಮಾರಾಯ್ರೆ!"

ಧರ್ಮಣ್ಣ ನಿಂಗಣ್ಣನ ಎದುರು ನೆಲದ ಮೇಲೆಯೇ ಕೂತರು. ಹಳೆಯ ಗೆಳೆಯನೊಡನೆ ಮಾತಾಡುವಂತೆ ಕೇಳಿದರು:

"ನಿಂಗಣ್ಣಾ, ಪಾಳಿ ಮುಗೀತೇನಪಾ?"

ನಿಂಗಣ್ಣನ ಮುಖ ಅರಳಿತು. ಬೆಳಗಿನಿಂದ ಅವನಿಗೆ ಅರ್ಥವಾದ ಮೊದಲ ಪ್ರಶ್ನೆ ಅದು.

"ಮುಗೀತ್ರಿ."

"ಕೂಸು?"

"ಮಲಗೈತಿ. ನೆಳ್ಳಾಗ ಹಾಕೇನಿ."

"ನಾಯಿಗೀಯಿ ಬಂದ್ರ?"

"ಅಗಳಿ ಹಾಕೇನಲ್ರಿ."

ನಾನು ಸುಂದ್ರವ್ವನ ಕೈ ಹಿಡಿದುಕೊಂಡೆ. ಅಗಳಿ! ಏಪ್ರಿಲ್ ತಿಂಗಳ ಬಿಸಿಲಲ್ಲಿ, ಎಲ್ಲೋ ಒಂದು ಬಾಗಿಲಿನ ಹಿಂದೆ ಮಗು!

"ಹಾಲು ಯಾರು ಕುಡಸ್ತಾರ?"

"ಹೆಣ್ಣಾಳು ಅದಾರಲ್ಲ. ರಾಚವ್ವ ಕುಡಸ್ತಾಳ. ಪಾಪ, ತನ್ನ ಕೂಸಿಗೆ ಅರ್ಧ, ನನ್ನ ಕೂಸಿಗೆ ಅರ್ಧ."

"ಕೂಸಿನ ಅವ್ವ?"

"ಜ್ವರ. ದವಾಖಾನ್ಯಾಗ ಅದಾಳ. ಉಳೀತಾಳೋ ಇಲ್ಲೋ."

ಸುಂದ್ರವ್ವ ಬಾಯಿಗೆ ಸೆರಗು ಹಿಡಿದು ಹೇಳಿದಳು. "ಸೇವಂತಿ ನಾಲ್ಕು ತಿಂಗಳ ಕೂಸಿದ್ದಾಗ ನಾ ಜ್ವರ ಬಂದು ಎರಡು ತಿಂಗಳು ದವಾಖಾನ್ಯಾಗಿದ್ನಿ. ಇವರೇ ಕೂಸಿನ್ನ ಕೆಲಸಕ್ಕ ಒಯ್ತಿದ್ರಂತ. ರಾಚವ್ವ ಯಾವಾಗೋ ತೀರಿಹೋದ್ಳು."

"ಎಲ್ಲಿತ್ತು ಕೆಲಸ?"

"ನಾ ಕಂಡಿಲ್ರಿ. ಸಂಗಡ ಶೆಟ್ಟೆಪ್ಪ..."

"ಇಲ್ಲ ವೈನಿ," ಎಂದ ಶೆಟ್ಟೆಪ್ಪ ಒಮ್ಮೆಗೇ. "ಆ ವರ್ಷ ನಾ ಊರಾಗಿದ್ದೆ."

ಧರ್ಮಣ್ಣ ತಲೆಯೆತ್ತಲಿಲ್ಲ. ನಿಂಗಣ್ಣನ ಒಳಜೇಬಿನಿಂದ ನಾನು ಬರೆದ ಚೀಟಿಯನ್ನು ಬಿಡಿಸಿ ತೆಗೆದರು. ಪೊಲೀಸರು ಅದನ್ನು ನೋಡಿ, ವಿಳಾಸವಷ್ಟೇ ಎಂದು ಬಿಟ್ಟಿದ್ದರು. ಹಿಂದೆ ತಿರುಗಿಸಿದರೆ, ಅದೇ ಪಿನ್ನಿಗೆ ಒಂದು ಬಸ್ ಟಿಕೆಟ್ಟು ಚುಚ್ಚಿತ್ತು.

"ಯಾರೋ ಪುಣ್ಯಾತ್ಮರು ಚೀಟಿ ಓದಿ, ಟಿಕೆಟ್ ತಗಸಿ, ಕುರ್ಲಾದ ಬಸ್ ಹತ್ತಿಸ್ಯಾರ. ಕಳೀಬಾರದಂತ ಚುಚ್ಚಿ ಕಳಿಸ್ಯಾರ. ಇಲ್ಲಿ ನೋಡ್ರಿ, ಹತ್ತಿದ ಸ್ಟಾಪಿಗೆ ಕಂಡಕ್ಟರ್ ತೂತು ಹೊಡದಾನ. ಸಾಂತಾಕ್ರೂಜ್."

ಇನ್ಸ್‌ಪೆಕ್ಟರು ಫೋನಿಗೆ ಕೈ ಹಾಕಿದರು. ಆದರೆ ಕೈ ಅಲ್ಲೇ ನಿಂತಿತು. ಸಾಂತಾಕ್ರೂಜಿನಲ್ಲಿ ಕಟ್ಟಡಗಳೆಷ್ಟು? ಬಾಗಿಲುಗಳೆಷ್ಟು? ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಒಂದು ಬಿಲ್ಡಿಂಗ್ — ಅದರ ಹೆಸರು ಬಲ್ಲವರು ಯಾರು? ನಿಂಗಣ್ಣನಿಗೆ ನೆನಪಿಲ್ಲ. ರಾಚವ್ವ ಸತ್ತಿದ್ದಾಳೆ.

ಮೂರೂಕಾಲು. ಮಗು ಆರೇಳು ಗಂಟೆಯಿಂದ ನೀರಿಲ್ಲದೆ ಇದೆ.

ಮೇಜಿನ ಮೇಲೆ, ಪೇದೆಯೊಬ್ಬ ಸೇವಂತಿಗೆಂದು ತಂದಿಟ್ಟ ಮೋಸಂಬಿಯಿತ್ತು. ಧರ್ಮಣ್ಣ ಅದನ್ನು ಎತ್ತಿಕೊಂಡರು. ಒಂದು ಕ್ಷಣ ಕೈಯಲ್ಲಿ ತೂಗಿದರು. ಥಟ್ಟನೆ ಎಸೆದರು.

"ನಿಂಗಣ್ಣಾ, ಹಿಡಿ!"

ಶೆಟ್ಟೆಪ್ಪ ಬಾಗಿಲಿನಿಂದ ಹಾರಿದ. ನಿಂಗಣ್ಣನ ತಲೆಯ ಮೇಲೆ ಬಾಗಿ, ಎರಡೂ ಅಂಗೈ ಜೋಡಿಸಿ ಬೊಗಸೆಯಲ್ಲಿ ಮೋಸಂಬಿಯನ್ನು ಹಿಡಿದ. ಹಿಡಿದವನು ಬೆವರುತ್ತಿದ್ದ.

ಧರ್ಮಣ್ಣ ಅವನ ಭುಜದ ಮೇಲೆ ಕೈಯಿಟ್ಟು ಮೂಲೆಗೆ ಕರೆದೊಯ್ದರು. ಪಿಸುಮಾತಿನಲ್ಲಿ ಏನೋ ಕೇಳಿದರು. ಶೆಟ್ಟೆಪ್ಪ ತಲೆ ಅಲ್ಲಾಡಿಸಿದ. ಮತ್ತೆ ಕೇಳಿದರು. ಶೆಟ್ಟೆಪ್ಪ ಗೋಡೆಗೆ ಹಣೆಯಿಟ್ಟು ನಿಂತ. ಆಮೇಲೆ ಅವನ ದನಿ ಕೇಳಿಸಿತು, ಬಾವಿಯೊಳಗಿನಿಂದ ಬಂದಂತೆ.

"ನಡೀರಿ. ತೋರಸ್ತೀನಿ."

---

ಜೀಪಿನಲ್ಲಿ ನಾವು ಏಳು ಜನ. ನಿಂಗಣ್ಣನನ್ನೂ ಕರೆದುಕೊಂಡು ಹೋಗಲೇಬೇಕು ಎಂದು ಧರ್ಮಣ್ಣ ಹಟ ಹಿಡಿದಿದ್ದರು.

ಸಾಂತಾಕ್ರೂಜಿನಲ್ಲಿ ಒಂದು ಓಣಿಯ ತುದಿಗೆ ಬಂದಾಗ ಶೆಟ್ಟೆಪ್ಪ ಜೀಪು ನಿಲ್ಲಿಸಲು ಹೇಳಿದ. ಇಳಿದು ಅತ್ತಿತ್ತ ನೋಡಿದ.

"ಇಲ್ಲಿ ತಾಳೀಮರ ಇದ್ವು. ಒಂದು ಬಾವಿ ಇತ್ತು. ನಾವು ಕಟ್ಟಿದ್ದು ಒಂದೇ ಬಿಲ್ಡಿಂಗು..."

ಈಗ ಅಲ್ಲಿ ಸಾಲಾಗಿ ಐದು ಬಿಲ್ಡಿಂಗುಗಳು. ಐದಕ್ಕೂ ಮೂರು ಮಹಡಿ, ಐದಕ್ಕೂ ಅದೇ ಹಳದಿ ಬಣ್ಣ. ಓಡಿದೆವು. ಮೆಟ್ಟಿಲು, ಗ್ಯಾರೇಜು, ನೀರಿನ ಟಾಕಿ, ಮೇಲಿನ ಗಚ್ಚಿ. ಕರೆದೆವು. "ಭಾಗೀ! ಭಾಗವ್ವಾ!" ಮೇಲಿನಿಂದ ಜನ ಇಣುಕಿದರು. ಮಗುವಿನ ಅಳು? ಬೆಳಿಗ್ಗೆ ಎಲ್ಲೋ ಕೇಳಿಸಿತ್ತು, ಯಾರ ಮನೆಯದೋ ಅಂದುಕೊಂಡೆವು ಎಂದಳು ಒಬ್ಬಾಕೆ. ಆಮೇಲೆ? ಆಮೇಲೆ ನಿಂತುಹೋಯಿತು.

ನಿಂತುಹೋಯಿತು! ಸೇವಂತಿ ಮೆಟ್ಟಿಲ ಮೇಲೆ ಕುಸಿದಳು. ನಾಲ್ಕೂವರೆಯಾಗಿತ್ತು.

"ಟೀಚರ್," ಎಂದರು ಧರ್ಮಣ್ಣ ಮೆಲ್ಲಗೆ. "ಅಲ್ಲಿ ನೋಡ್ರಿ."

ನಿಂಗಣ್ಣ ಜೀಪಿನಿಂದ ತಾನೇ ಇಳಿದಿದ್ದ. ಯಾರನ್ನೂ ನೋಡದೆ, ಯಾರನ್ನೂ ಕೇಳದೆ, ನಾಲ್ಕನೆಯ ಬಿಲ್ಡಿಂಗಿನ ಮುಂದೆ ಹೋಗಿ ನಿಂತ. ಕಾಲು ಅಗಲಿಸಿದ. ಬಗ್ಗಿ, ಇಲ್ಲದ ಒಂದು ಇಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ, ಮೇಲಕ್ಕೆ ತೂರಿದ. ಮತ್ತೆ ಬಗ್ಗಿದ. ಮತ್ತೆ ತೂರಿದ. ಕಣ್ಣು ಎರಡನೆಯ ಮಹಡಿಯ ಬಾಲ್ಕನಿಯ ಮೇಲಿತ್ತು. ನಡುಗುವ ಆ ಕೈಗಳು ಈಗ ನಡುಗುತ್ತಿರಲಿಲ್ಲ. ಅವು ಬಹಳ ಚಂದವಾಗಿ ಓಡುತ್ತಿದ್ದವು.

ಶೆಟ್ಟೆಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಇದೇ," ಎಂದ. "ಇಲ್ಲೇ ನಿಂತಿದ್ದ. ಅಂವನ ಹಿಂದ, ಜೀನೆದ ಮೆಟ್ಟಲ ಬುಡಕ ಸಿಮೆಂಟ್ ಚೀಲ ಇಡ್ತಿದ್ವಿ."

ಮೆಟ್ಟಿಲಿನ ಹಿಂಬದಿಗೆ ಒಂದು ತಗ್ಗು ಬಾಗಿಲು. ಎರಡು ಸಲ ಅದರ ಮುಂದೆಯೇ ಓಡಿದ್ದೆವು, ಗೋಡೆಯದೇ ಬಣ್ಣ. ಹೊರಗಿನಿಂದ ಅಗಳಿ ಹಾಕಿತ್ತು.

ಧರ್ಮಣ್ಣ ಅಗಳಿ ಸರಿಸಿದರು. ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಮುರಿದ ಕುರ್ಚಿಗಳು, ಹಳೆಯ ಪೀಪಾಯಿಗಳು. ಅವುಗಳ ಹಿಂದೆ, ತಾರಸಿಯ ಎರಡು ತುಕ್ಕು ಹಿಡಿದ ಕೊಂಡಿಗಳಿಂದ, ನಿಂಗಣ್ಣನ ಬಿಳಿ ರುಮಾಲು ಜೋಳಿಗೆಯಾಗಿ ಇಳಿಬಿದ್ದಿತ್ತು. ಅದರ ಅಂಚಿನಿಂದ ಒಂದು ಪುಟ್ಟ ಪಾದ ಹೊರಗಿತ್ತು. ಅಲುಗುತ್ತಿರಲಿಲ್ಲ.

ಸೇವಂತಿ ಪಾದ ಮುಟ್ಟಿದಳು. ಬಹಳ ಹೊತ್ತು ಮುಟ್ಟಿಕೊಂಡೇ ನಿಂತಳು.

"ಸುಡ್ತೈತಿ," ಎಂದಳು. "ಟೀಚರ್, ಸುಡ್ತೈತಿ. ಜೀವ ಐತಿ."

ಭಾಗಿ ಕಣ್ಣು ತೆರೆದಳು. ಬಾಯಿ ತೆರೆದಳು. ದನಿ ಬರಲಿಲ್ಲ, ಅತ್ತು ಅತ್ತು ಅದು ಹೋಗಿತ್ತು. ಕೆಳಮನೆಯ ಗುಜರಾತಿ ಹೆಂಗಸು ಸಕ್ಕರೆ ನೀರು ತಂದು, ನಾವು ಯಾರೆಂದು ಒಂದು ಮಾತೂ ಕೇಳದೆ, ಮಗುವಿನ ತುಟಿಗೆ ಚಮಚೆಯಿಂದ ಹನಿ ಹನಿಯಾಗಿ ಬಿಡತೊಡಗಿದಳು. ಅವಳ ಗಂಡ ಡಾಕ್ಟರನ್ನು ಕರೆತರಲು ಬರಿಗಾಲಲ್ಲೇ ಓಡಿದ.

---

ಡಾಕ್ಟರು ಬಂದರು. ಅರ್ಧ ಗಂಟೆಯ ನಂತರ ಉಳಿಯುತ್ತಾಳೆ ಎಂದರು. ಇನ್ನೊಂದು ಗಂಟೆ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದೂ ಅಂದರು.

ಮೆಟ್ಟಿಲ ಮೇಲೆ ಕೂತು ಇನ್ಸ್‌ಪೆಕ್ಟರು ಟೋಪಿ ತೆಗೆದರು. "ಧರ್ಮಣ್ಣ, ನಿಮಗೆ ಹೇಗೆ ಗೊತ್ತಾಯಿತು?"

"ಅಂವನ ತಲಿ ಬರಿದಾಗಿತ್ತಲ್ರಿ. ಆರು ಗಜ ಬಟ್ಟಿಲೆ ಏನೇನು ಕೆಟ್ಟದ್ದು ಮಾಡಬಹುದು ಅಂತ ನೀವು ಲೆಕ್ಕ ಹಾಕಿದ್ರಿ. ನಾನು ಬ್ಯಾರೆ ವಿಚಾರ ಮಾಡಿದೆ. ಹೆಂಡತಿ ದವಾಖಾನ್ಯಾಗ ಇರೋ ಗೌಂಡಿ, ಕೂಸಿನ್ನ ಕೆಲಸಕ್ಕ ಒಯ್ದ್ರ, ಜೋಳಿಗಿ ಯಾತರಲೆ ಕಟ್ಟತಾನ? ಹೆಣ್ಣಾಳು ಸೀರಿ ಕಟ್ಟತಾರ. ಗಂಡಸಿನ ಹತ್ರ ಇರೂದು ರುಮಾಲು ಒಂದೇ. ಕೈಯಾಗ ತುಕ್ಕು, ಅಂದ್ರ ಕೊಂಡಿ ಹಳೇವು. ಮೊಮ್ಮಗಳನ್ನ 'ಸೇವಂತಿ' ಅಂದನಂತ. ಅಂವ ಸುಳ್ಳು ಹೇಳಲಿಲ್ಲ. ಅಂವನ ಪಾಲಿಗೆ ಇದು ಇಪ್ಪತ್ತು ವರ್ಷದ ಹಿಂದಿನ ದಿನ. ನಮ್ಮ ಕಚೇರಿಯಾಗ ನಾ ಕಲತದ್ದು ಒಂದೇ ಸಾಹೇಬ್ರ: ಮರತಾಂವ ಸುಳ್ಳು ಹೇಳೂದಿಲ್ಲ."

"ಹಾಗಾದರೆ ತಪ್ಪಿತಸ್ಥರು ಯಾರೂ ಇಲ್ಲ ಎನ್ನಿ."

"ಅದಾರ," ಎಂದರು ಧರ್ಮಣ್ಣ. "ಸುಳ್ಳು ಹೇಳಿದಾಂವ ಒಬ್ಬ ಅದಾನ."

ಸುಂದ್ರವ್ವ ತಲೆಯೆತ್ತಿದಳು.

"ನಿಚ್ಚಣಿಕಿಯಿಂದ ಬಿದ್ದ ಅಂತ ಎಲ್ಲಾರೂ ನಂಬಿದ್ರಿ. ಪೆಟ್ಟು ನಡುನೆತ್ತಿಗೆ ಹೆಂಗ ಬಿತ್ತು ಅಂತ ಡಾಕ್ಟರು ಕೇಳಿದ್ರಂತ. ಟೀಚರ್ ನನಗ ಅಂದೇ ಹೇಳಿದ್ರು. ಬಿದ್ದದ್ದು ಅಂವ ಅಲ್ಲ. ಅಂವನ ಮ್ಯಾಲೆ ಏನೋ ಬಿತ್ತು. ಹೋದ ವಾರ ಟೀಚರ್ ಬಿಸ್ಕೀಟು ಒಗದಾಗ ಹಾರಿ ಹಿಡದದ್ದು ಯಾರು? ನಿಚ್ಚಣಿಕಿಯಿಂದ ಬಿದ್ದಾಂವನ ಗೆಳ್ಯಾಗ, ಒಗದ ಬಿಸ್ಕೀಟು ಕಂಡ್ರ ಯಾಕ ಅಂಜಿಕಿ? ಅದೊಂದು ಉಪಕಾರ ಅಂತ ನಾವೆಲ್ಲಾ ನೋಡಿ ಬಿಟ್ಟ್ವಿ. ಅದು ಉಪಕಾರ ಅಲ್ಲ, ಪ್ರಾಯಶ್ಚಿತ್ತ. ಕೆಳಗಿಂದ ನಿಂಗಣ್ಣ ಇಟ್ಟಿಗಿ ತೂರತಿದ್ದ. ಮ್ಯಾಲೆ ನಿಂತು ಹಿಡೀತಿದ್ದಾಂವ ಒಂದು ಇಟ್ಟಿಗಿ ಬಿಟ್ಟ. ಆ ಕೈ ಶೆಟ್ಟೆಪ್ಪಂದು."

ಶೆಟ್ಟೆಪ್ಪ ನೆಲದ ಮೇಲೆ ಕೂತಿದ್ದ. ಅವನ ಅಂಗೈಗಳು ಬೊಗಸೆಯ ಹಾಗೆಯೇ ತೆರೆದಿದ್ದವು.

"ಬೀಡಿ ಹಚ್ಚಾಕ ಒಂದು ಕೈ ತಗದ್ನ್ರಿ," ಎಂದ. "ಒಂದೇ ಕೈ. ಅಷ್ಟರಾಗ ಕೂಸು ಅತ್ತಿತು. ಅಂವ ಆ ಕಡೆ ತಿರುಗಿದ. ಇಟ್ಟಿಗಿ ವಾಪಸ್ ಬಂದು... ನಾ ಮ್ಯಾಲಿಂದ ನೋಡಿದ್ನಿ. ಎರಡು ದಿನ ಸತ್ತಾಂಗ ಬಿದ್ದಿದ್ದ. ಎದ್ದ ಮ್ಯಾಲೆ ಅಂವನೇ ಅಂದ, 'ನಿಚ್ಚಣಿಕಿಯಿಂದ ಬಿದ್ದೆ ಅಂತ ಹೇಳು, ಇಲ್ಲಾಂದ್ರ ಮೇಸ್ತ್ರಿ ನಿನ್ನ ಕೆಲಸದಿಂದ ತಗೀತಾನ' ಅಂತ. ವೈನಿಗೂ ಹೇಳಬ್ಯಾಡ ಅಂದ. ಅಂವ ಮಾಫ್ ಮಾಡಿದ್ದ, ಟೀಚರ್. ಈಗ ಅಂವಗ ಅದೂ ನೆನಪಿಲ್ಲ."

"ಇವತ್ತು ಯಾಕೆ ಹೇಳಲಿಲ್ಲ?" ಎಂದೆ ನಾನು. "ಮಗು ಸಾಯುತ್ತಿತ್ತಲ್ಲ, ಶೆಟ್ಟೆಪ್ಪ?"

"ಕೂಸು ಇಲ್ಲಿರತೈತಿ ಅಂತ ನನಗೇನು ಗೊತ್ತಿತ್ರಿ? 'ಸಂಗಡ ಶೆಟ್ಟೆಪ್ಪ' ಅಂತ ವೈನಿ ಅಂದ ಕೂಡಲೇ ಬಾಯಿಂದ ಸುಳ್ಳು ತಾನೇ ಬಂತು. ಇಪ್ಪತ್ತು ವರ್ಷದ ರೂಢಿರಿ ಅದು."

ಇನ್ಸ್‌ಪೆಕ್ಟರು ಪುಸ್ತಕ ತೆರೆದರು. ಪೆನ್ನು ತೆಗೆದರು. ಯಾವ ಕಲಮಿನಡಿ ಬರೆಯುವುದೆಂದು ತಿಳಿಯಲಿಲ್ಲವೋ ಏನೋ, ಮುಚ್ಚಿಬಿಟ್ಟರು. ನಿಂಗಣ್ಣ ಹೇಳಿದ್ದನ್ನು ಬರೆದಿದ್ದ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡರು.

ಹೊರಗೆ ನಿಂಗಣ್ಣ ಇನ್ನೂ ತೂರುತ್ತಲೇ ಇದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಸುಂದ್ರವ್ವ ಹೋಗಿ ಅವನ ಕೈ ಹಿಡಿದು ನಿಲ್ಲಿಸಿದಳು. ಅವನು ಅವಳನ್ನು ದಿಟ್ಟಿಸಿದ.

"ಯವ್ವಾ, ನೀ ಯಾರಂತ ಗೊತ್ತಾಗಲಿಲ್ಲ. ಕೂಸಿನ ಅವ್ವ ದವಾಖಾನ್ಯಾಗ ಅದಾಳ. ಉಳೀತಾಳೇನು?"

ಸುಂದ್ರವ್ವ ತಲೆಯಾಡಿಸಿದಳು. ಉಳೀತಾಳ ಎಂದು.

ಆಮೇಲೆ ಅವಳು ಆ ತಗ್ಗು ಕೋಣೆಗೆ ಹೋದಳು. ಕೊಂಡಿಗಳಿಂದ ರುಮಾಲು ಬಿಚ್ಚಿದಳು. ಧೂಳು ಕೊಡವಿ, ಮಡಿಸಿ, ಹೊರಗೆ ಬಂದಳು. ಶೆಟ್ಟೆಪ್ಪನ ಮುಂದೆ ನಿಂತಳು. ಅವಳು ಅದನ್ನು ಅವನ ಮುಖಕ್ಕೆ ಎಸೆಯುತ್ತಾಳೆ ಎಂದೇ ನಾನು ಅಂದುಕೊಂಡೆ. ಶೆಟ್ಟೆಪ್ಪನೂ ಹಾಗೇ ಅಂದುಕೊಂಡಿರಬೇಕು, ಕಣ್ಣು ಮುಚ್ಚಿದ.

"ಇಪ್ಪತ್ತು ವರ್ಷ ನನಗ ಹೇಳಲಿಲ್ಲ ನೀನು," ಎಂದಳು. "ನಾ ದವಾಖಾನ್ಯಾಗಿಂದ ಬಂದ ದಿನಾನೇ ಹೇಳಿದ್ರ ನಾ ಅವರನ್ನ ಮತ್ತ ಕೆಲಸಕ್ಕ ಬಿಡತಿದ್ದಿಲ್ಲ. ದೊಡ್ಡ ದವಾಖಾನಿಗೆ ಒಯ್ತಿದ್ನಿ. ಏನಾಗ್ತಿತ್ತೋ ಏನೋ. ಕೇಳಾಕರ ಬರ್ತಿತ್ತು."

ಅವನು ಕಣ್ಣು ತೆರೆಯಲಿಲ್ಲ.

"ಏಳು. ಬಿಸಲಾಗ ನಿಂತಾರ. ಬರೇ ತಲಿ ಐತಿ."

ಅವಳು ಬಗ್ಗಿದಳು. ರುಮಾಲನ್ನು ಎಸೆಯಲಿಲ್ಲ. ತೆರೆದಿದ್ದ ಆ ಎರಡು ಅಂಗೈಗಳ ಮೇಲೆ, ತನ್ನ ಕೈಯಿಂದಲೇ ಇಟ್ಟಳು.